ಅಗ್ಗದ ಅರೆಸ್ವಯಂಚಾಲಿತ ರೈಫಲ್: ಗುರಿಕಾರರ ಭಿನ್ನಾಭಿಪ್ರಾಯಗಳನ್ನು ತೂಗಿ ನೋಡುವುದು ಹೇಗೆ?

ಒಂದೇ ಮಾದರಿಯ ರೈಫಲ್ ಕುರಿತು ಇಬ್ಬರು ಅನುಭವಿ ಗುರಿಕಾರರನ್ನು ವಿಚಾರಿಸಿದರೆ, ಒಬ್ಬರು ‘ಇಷ್ಟು ವರ್ಷಗಳಲ್ಲಿ ಇದು ನನಗೆ ಒಮ್ಮೆಯೂ ಕೈಕೊಟ್ಟಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ಹತ್ತು ಹೊಡೆದರೆ ಎರಡು ಸಿಕ್ಕಿಹಾಕಿಕೊಳ್ಳುತ್ತವೆ, ದುಡ್ಡು ದಂಡ’ ಎನ್ನುತ್ತಾರೆ. ಹೊಸದಾಗಿ ಕೊಳ್ಳಲು ಹೊರಟವರು ಇಲ್ಲಿ ಸಾಮಾನ್ಯವಾಗಿ ತಲೆ ಎಣಿಸಲು ತೊಡಗುತ್ತಾರೆ: ಹೊಗಳಿದವರು ಎಷ್ಟು, ತೆಗಳಿದವರು ಎಷ್ಟು? ಈ ಲೆಕ್ಕದಿಂದ ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಆದರೆ ಅವರು ಮಾತನಾಡುತ್ತಿರುವುದು ಬೇರೆ ಬೇರೆ ಕಾಡತೂಸು, ಬೇರೆ ಮ್ಯಾಗಜೀನ್ (ಕಾಡತೂಸುಗಳನ್ನು ತುಂಬಿಡುವ ಭಾಗ), ಬೇರೆ ವರ್ಷದ ತಯಾರಿಕೆ ಮತ್ತು ಬೇರೆ ಉದ್ದೇಶದ ಬಗ್ಗೆ. ಆದ್ದರಿಂದ ಪ್ರತಿಯೊಂದು ಅಭಿಪ್ರಾಯವನ್ನೂ ಬಿಡಿಸಿ, ಅದರ ಹಿಂದಿನ ಪರಿಸ್ಥಿತಿಯನ್ನು ಹೊರತೆಗೆದು, ಅದು ನಮಗೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂದು ನೋಡಬೇಕು. ಆ ಕೆಲಸವನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ವರ್ಗವನ್ನು ಹಿಡಿದುಕೊಳ್ಳೋಣ. ಅರೆಸ್ವಯಂಚಾಲಿತ ರೈಫಲ್‌ಗಳಲ್ಲಿ, ಅಂದರೆ ಪ್ರತಿ ಸಲ ಟ್ರಿಗರ್ ಒತ್ತಿದಾಗ ಒಂದು ಗುಂಡು ಹಾರಿಸಿ ಮುಂದಿನ ಕಾಡತೂಸನ್ನು ತಾವೇ ತುಂಬಿಕೊಳ್ಳುವವುಗಳಲ್ಲಿ, ಅಗ್ಗವೆಂದು ಹೆಸರಾದವು .22 ಎಲ್‌ಆರ್ (ಲಾಂಗ್ ರೈಫಲ್) ಎಂಬ ಚಿಕ್ಕ ಕಾಡತೂಸನ್ನು ಬಳಸುವ ಸಣ್ಣ ರೈಫಲ್‌ಗಳು. ಅವುಗಳಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾದವು ಅಮೆರಿಕದ ಎರಡು ಮಾದರಿಗಳು: 1960ರಲ್ಲಿ ಬಂದ ಮಾರ್ಲಿನ್ ಮಾಡೆಲ್ 60 ಮತ್ತು 1964ರಲ್ಲಿ ಬಂದ ರೂಗರ್ 10/22. ಎರಡೂ ದಶಲಕ್ಷಗಟ್ಟಲೆ ತಯಾರಾಗಿವೆ. ಮೊದಲನೆಯದರಲ್ಲಿ ಕಾಡತೂಸುಗಳು ನಳಿಕೆಯ ಕೆಳಗಿನ ಉದ್ದನೆಯ ಕೊಳವೆಯಲ್ಲಿ ಸಾಲಾಗಿ ಕೂರುತ್ತವೆ. ಎರಡನೆಯದರಲ್ಲಿ ಹತ್ತು ಕಾಡತೂಸುಗಳು ಒಂದು ತಿರುಗುವ ಚಕ್ರದ ಸುತ್ತ ಕೂರುವ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಮ್ಯಾಗಜೀನ್ ಇದೆ. ಇವುಗಳ ಬಗ್ಗೆ ಕೇಳಿಬರುವ ಹೊಗಳಿಕೆ ಮತ್ತು ದೂರುಗಳನ್ನು ಓದಲು ಕಲಿತವರಿಗೆ ಬೇರಾವುದೇ ಅಗ್ಗದ ರೈಫಲ್‌ನ ಬಗೆಗಿನ ಮಾತುಗಳನ್ನು ಓದುವುದು ಕಷ್ಟವಾಗದು.

ಮೊದಲ ಪ್ರಶ್ನೆ: ಯಾವ ಕಾಡತೂಸು?

ಯಾರಾದರೂ ರೈಫಲ್ ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂದಾಗ ತಕ್ಷಣ ಕೇಳಬೇಕಾದದ್ದು ‘ಯಾವ ಕಾಡತೂಸು ಹಾಕುತ್ತೀರಿ?’ ಎಂದು. ಇದಕ್ಕೆ ಉತ್ತರ ಇಲ್ಲದ ಅಭಿಪ್ರಾಯವನ್ನು ನಾನು ಬಹುಮಟ್ಟಿಗೆ ಪಕ್ಕಕ್ಕಿಡುತ್ತೇನೆ. ಕಾರಣ ಈ ರೈಫಲ್‌ಗಳ ಕೆಲಸದ ರೀತಿಯಲ್ಲಿಯೇ ಇದೆ. ಇವುಗಳಲ್ಲಿ ಬೋಲ್ಟ್, ಅಂದರೆ ನಳಿಕೆಯ ಹಿಂಬಾಯನ್ನು ಮುಚ್ಚುವ ಉಕ್ಕಿನ ತುಂಡು, ನಳಿಕೆಗೆ ಬೀಗ ಹಾಕಿದಂತೆ ಕಚ್ಚಿಕೊಂಡಿರುವುದಿಲ್ಲ. ಅದರ ತೂಕ ಮತ್ತು ಹಿಂದಿನ ಸ್ಪ್ರಿಂಗ್‌ನ ಒತ್ತಡ ಇವೆರಡೇ ಅದನ್ನು ಹಿಡಿದಿಟ್ಟಿರುತ್ತವೆ. ಮದ್ದು ಉರಿದಾಗ ಅನಿಲವು ಗುಂಡನ್ನು ಮುಂದಕ್ಕೆ ತಳ್ಳುವಂತೆಯೇ ಖಾಲಿ ಕೇಸನ್ನು (ಕಾಡತೂಸಿನ ಹಿತ್ತಾಳೆಯ ಕವಚವನ್ನು) ಹಿಂದಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯಿಂದಲೇ ಬೋಲ್ಟ್ ಹಿಂದೆ ಸರಿದು, ಕೇಸನ್ನು ಹೊರಗೆಸೆದು, ಸ್ಪ್ರಿಂಗ್‌ನ ಬಲದಿಂದ ಮರಳಿ ಮುಂದೆ ಬರುವಾಗ ಹೊಸ ಕಾಡತೂಸನ್ನು ಚೇಂಬರ್‌ಗೆ, ಅಂದರೆ ನಳಿಕೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಗೂಡಿಗೆ, ದೂಡುತ್ತದೆ. ಅಂದರೆ ಈ ಯಂತ್ರದ ಇಂಜಿನ್ ಎಂಬುದಿದ್ದರೆ ಅದು ಕಾಡತೂಸೇ. ಇಂಜಿನ್ ದುರ್ಬಲವಾದರೆ ಬೋಲ್ಟ್ ಪೂರ್ತಿ ಹಿಂದೆ ಹೋಗದು, ಹೋಗದಿದ್ದರೆ ಕೇಸು ಸರಿಯಾಗಿ ಹೊರಬೀಳದು.

.22 ಎಲ್‌ಆರ್ ಎಂಬ ಒಂದೇ ಹೆಸರಿನಡಿಯಲ್ಲಿ ಬಹಳ ಬೇರೆ ಬೇರೆ ಸ್ವಭಾವದ ಕಾಡತೂಸುಗಳಿವೆ. ಸಾಮಾನ್ಯವಾದ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಗುಂಡು ಒಂದು ಬಗೆಯಲ್ಲಿ ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಟರೆ ಇನ್ನೊಂದು ಬಗೆಯಲ್ಲಿ 375 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇರುವುದರಿಂದ ಮೊದಲನೆಯದು ಅದಕ್ಕಿಂತ ಕೆಳಗೆ, ಎರಡನೆಯದು ಮೇಲೆ. ನಿಖರತೆಯನ್ನು ಬಯಸುವವರು ಮೊದಲನೆಯದನ್ನು ಇಷ್ಟಪಡುತ್ತಾರೆ. ಅದು ದಾರಿಯ ಮಧ್ಯದಲ್ಲಿ ಶಬ್ದದ ವೇಗವನ್ನು ದಾಟಿ ಕೆಳಗಿಳಿಯಬೇಕಾಗಿಲ್ಲ, ಗಾಳಿಗೂ ಕಡಿಮೆ ತಳ್ಳಲ್ಪಡುತ್ತದೆ. ಆದರೆ ಅರೆಸ್ವಯಂಚಾಲಿತ ರೈಫಲ್‌ನ ಬೋಲ್ಟ್ ಚುರುಕಾಗಿ ಓಡಾಡಲು ಎರಡನೆಯದು ಹೆಚ್ಚು ಅನುಕೂಲ. ಇಲ್ಲಿಯೇ ಅರ್ಧದಷ್ಟು ಜಗಳ ಹುಟ್ಟುತ್ತದೆ. ‘ಸಿಕ್ಕಿಹಾಕಿಕೊಳ್ಳುತ್ತದೆ’ ಎಂದು ದೂರುವವರು ನಿಧಾನಗತಿಯ ಕಾಡತೂಸನ್ನು ಹಾಕುತ್ತಿರಬಹುದು. ‘ಗುಂಡುಗಳು ಚದುರುತ್ತವೆ’ ಎಂದು ದೂರುವವರು ಸಾವಿರದ ಲೆಕ್ಕದಲ್ಲಿ ಸಗಟಾಗಿ ಕೊಂಡ ವೇಗದ ಕಾಡತೂಸನ್ನು ಹಾಕುತ್ತಿರಬಹುದು. ಇಬ್ಬರೂ ಕಾಡತೂಸನ್ನು ಅದಲುಬದಲು ಮಾಡಿಕೊಂಡರೆ ದೂರುಗಳೂ ಅದಲುಬದಲಾಗುತ್ತವೆ.

ಇದಲ್ಲದೆ ಈ ಕಾಡತೂಸುಗಳಲ್ಲಿ ಸಿಡಿಮದ್ದು ತಳದ ಅಂಚಿನ ಒಳಸುತ್ತಿನಲ್ಲಿ ಹರಡಿಕೊಂಡಿರುತ್ತದೆ. ತಯಾರಿಕೆಯಲ್ಲಿ ಅದು ಅಂಚಿನ ಒಂದು ಕಡೆ ತೆಳುವಾಗಿ ಕುಳಿತು, ಹೊಡೆಯುವ ಪಿನ್ ಸರಿಯಾಗಿ ಅಲ್ಲಿಯೇ ತಗಲಿದರೆ ಕಾಡತೂಸು ಸಿಡಿಯುವುದಿಲ್ಲ. ಅಗ್ಗದ ಕಾಡತೂಸಿನಲ್ಲಿ ಹೀಗಾಗುವುದು ಹೆಚ್ಚು, ಮತ್ತು ಅದರ ಅಪವಾದ ರೈಫಲ್‌ನ ತಲೆಗೆ ಬರುವುದೂ ಹೆಚ್ಚು.

ಸಿಕ್ಕಿಹಾಕಿಕೊಳ್ಳುವುದು ಎಂದರೆ ಏನು?

‘ಜ್ಯಾಮ್ ಆಗುತ್ತದೆ’ ಎಂಬ ದೂರು ವೈದ್ಯರ ಬಳಿ ಹೋಗಿ ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿದ ಹಾಗೆ. ಯಾವ ಬಗೆಯ ತೊಡಕು ಎಂಬುದನ್ನು ಕೇಳಿ ತಿಳಿಯದ ಹೊರತು ಅದರಿಂದ ಏನನ್ನೂ ಕಲಿಯಲಾಗದು. ಖಾಲಿ ಕೇಸು ಹೊರಬೀಳುವ ಕಿಂಡಿಯಲ್ಲಿ ಅರ್ಧಕ್ಕೆ ನಿಂತು, ಮುಂದೆ ಬಂದ ಬೋಲ್ಟ್ ಅದನ್ನು ಕಚ್ಚಿಕೊಂಡು, ಹಿತ್ತಾಳೆಯ ಪುಟ್ಟ ಹೊಗೆಗೊಳವೆಯೊಂದು ರೈಫಲ್‌ನ ಬದಿಯಿಂದ ಎದ್ದು ನಿಂತಂತೆ ಕಾಣುವುದು ಒಂದು ಬಗೆ. ಇದಕ್ಕೆ ದುರ್ಬಲ ಕಾಡತೂಸು, ಕೊಳೆ ತುಂಬಿದ ಹಿಡಿಕೊಕ್ಕೆ (ಖಾಲಿ ಕೇಸನ್ನು ಹಿಡಿದೆಳೆಯುವ ಬೋಲ್ಟ್‌ನ ಕೊಕ್ಕೆ) ಅಥವಾ ಎಣ್ಣೆಯಿಲ್ಲದೆ ಒಣಗಿದ ಬೋಲ್ಟ್ ಕಾರಣವಾಗಿರುತ್ತದೆ. ಹೊಸ ಕಾಡತೂಸಿನ ಸೀಸದ ಮೂತಿ ಚೇಂಬರ್‌ನ ಬಾಯಿಗೆ ಓರೆಯಾಗಿ ಬಡಿದು ಜಜ್ಜಿಹೋಗುವುದು ಇನ್ನೊಂದು ಬಗೆ. ಅಲ್ಲಿ ಮೊದಲು ಸಂಶಯಿಸಬೇಕಾದದ್ದು ಮ್ಯಾಗಜೀನನ್ನು. ಪಿನ್ ಬಡಿದರೂ ಸಿಡಿಯದಿರುವುದು ಮೂರನೆಯದು.

ಮೂರನೆಯದರಲ್ಲಿ ತಪ್ಪು ಯಾರದ್ದೆಂದು ಪತ್ತೆಹಚ್ಚಲು ಸರಳವಾದ ಪರೀಕ್ಷೆಯಿದೆ. ಟ್ರಿಗರ್ ಒತ್ತಿದಾಗ ಈಡು ಹಾರದಿದ್ದರೆ ನಳಿಕೆಯನ್ನು ಗುರಿಯ ದಿಕ್ಕಿನಲ್ಲಿಯೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ತಡವಾಗಿ ಸಿಡಿಯುವ ಸಾಧ್ಯತೆ ಇರುವುದರಿಂದ ಈ ಕಾಯುವಿಕೆಯಲ್ಲಿ ರಿಯಾಯಿತಿ ಇಲ್ಲ. ಆಮೇಲೆ ಕಾಡತೂಸನ್ನು ಹೊರತೆಗೆದು ತಳದ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಪಿನ್ನಿನ ಗುರುತು ಆಳವಾಗಿ, ಚೂಪಾಗಿ ಮೂಡಿದ್ದರೆ ರೈಫಲ್ ತನ್ನ ಕೆಲಸವನ್ನು ಮಾಡಿದೆ, ಕಾಡತೂಸು ಮಾಡಿಲ್ಲ. ಗುರುತು ತೇಲಿದಂತಿದ್ದು, ಬೇರೆ ಬೇರೆ ತಯಾರಿಕೆಯ ಕಾಡತೂಸುಗಳಲ್ಲಿಯೂ ಹಾಗೆಯೇ ಬರುತ್ತಿದ್ದರೆ ಪಿನ್ನಿನ ದಾರಿಯಲ್ಲಿ ಕೊಳೆ ಇದೆ, ಅಥವಾ ಬೋಲ್ಟ್ ಪೂರ್ತಿ ಮುಚ್ಚುತ್ತಿಲ್ಲ, ಅಥವಾ ಸ್ಪ್ರಿಂಗ್ ಸೋತಿದೆ. ಇಷ್ಟನ್ನು ನೋಡಿ ಹೇಳುವ ಗುರಿಕಾರರ ಒಂದು ಮಾತು, ನೋಡದೆ ಬೈಯುವ ಇಪ್ಪತ್ತು ಮಂದಿಯ ಮಾತಿಗಿಂತ ತೂಕದ್ದು.

ಮ್ಯಾಗಜೀನ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೂಗರ್ 10/22 ಕುರಿತ ಅನೇಕ ದೂರುಗಳು ರೈಫಲ್‌ನೊಂದಿಗೆ ಬರುವ ಹತ್ತು ಕಾಡತೂಸಿನ ಮ್ಯಾಗಜೀನ್‌ಗೆ ಸಂಬಂಧಿಸಿದವಲ್ಲ. ಬೇರೆಯವರು ತಯಾರಿಸಿದ ದೊಡ್ಡ ಮ್ಯಾಗಜೀನ್‌ಗಳಿಗೆ ಸಂಬಂಧಿಸಿದವು. .22 ಕಾಡತೂಸಿನ ತಳದಂಚು ಹೊರಚಾಚಿರುತ್ತದೆ. ಒಂದರ ಮೇಲೊಂದು ಪೇರಿಸುವಾಗ ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಿದರೆ ಮೇಲಿನದು ಮುಂದೆ ಜಾರದು. ತಿರುಗುವ ಚಕ್ರದ ಮ್ಯಾಗಜೀನ್‌ನಲ್ಲಿ ಪ್ರತಿ ಕಾಡತೂಸಿಗೂ ತನ್ನದೇ ಗೂಡು ಇರುವುದರಿಂದ ಈ ತಂಟೆ ಹುಟ್ಟುವುದೇ ಇಲ್ಲ, ಆ ಮ್ಯಾಗಜೀನ್‌ಗೆ ಇಷ್ಟು ಒಳ್ಳೆಯ ಹೆಸರು ಬರಲು ಇದೇ ಕಾರಣ. ಹಾಗಾಗಿ ದೂರು ಕೇಳಿದಾಗ ‘ಮ್ಯಾಗಜೀನ್ ಯಾವುದು, ಬೇರೆ ಮ್ಯಾಗಜೀನ್ ಹಾಕಿದಾಗಲೂ ಹೀಗೆಯೇ ಆಯಿತೇ?’ ಎಂದು ಕೇಳಿ. ಎರಡನೆಯ ಮ್ಯಾಗಜೀನ್ ಹಾಕಿ ನೋಡಿರದವರ ತೀರ್ಪನ್ನು ತೀರ್ಪೆಂದು ಒಪ್ಪಬೇಕಾಗಿಲ್ಲ.

ನಿಖರತೆಯ ಲೆಕ್ಕ

ಅಭಿಪ್ರಾಯಗಳು ಅತಿ ಹೆಚ್ಚು ದಾರಿ ತಪ್ಪಿಸುವುದು ಇಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಗುರಿಕಾರರು ರೈಫಲ್‌ನ ನಿಖರತೆಯನ್ನು ಗುಂಪಿನ ಅಗಲದಿಂದ ಹೇಳುತ್ತಾರೆ: ಒಂದೇ ಬಿಂದುವಿಗೆ ಗುರಿಯಿಟ್ಟು ಹೊಡೆದ ಗುಂಡುಗಳ ತೂತುಗಳಲ್ಲಿ ಅತಿ ದೂರದ ಎರಡರ ಮಧ್ಯಬಿಂದುಗಳ ನಡುವಿನ ಅಂತರ. ಅಳತೆಯ ಮಾನ ‘ಎಂಓಎ’, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಅದು 100 ಮೀಟರ್ ದೂರದಲ್ಲಿ ಸುಮಾರು 29 ಮಿಲಿಮೀಟರ್, 50 ಮೀಟರ್‌ನಲ್ಲಿ ಅದರ ಅರ್ಧ. ಯಾರಾದರೂ ‘ನನ್ನದು ಒಂದು ಇಂಚಿನ ರೈಫಲ್’ ಎಂದರೆ ಮೂರು ಸಂಗತಿಗಳನ್ನು ಕೇಳದೆ ಬಿಡಬಾರದು: ಎಷ್ಟು ದೂರಕ್ಕೆ, ಎಷ್ಟು ಗುಂಡಿನ ಗುಂಪು, ಎಷ್ಟು ಗುಂಪುಗಳ ಸರಾಸರಿ?

ಗುಂಡಿನ ಎಣಿಕೆ ಏಕೆ ಮುಖ್ಯವೆಂದರೆ, ರೈಫಲ್ ಮತ್ತು ಕಾಡತೂಸು ಎಳ್ಳಷ್ಟೂ ಬದಲಾಗದಿದ್ದರೂ ಎಣಿಕೆ ಹೆಚ್ಚಿದಂತೆ ಗುಂಪು ಅಗಲವಾಗುತ್ತಲೇ ಹೋಗುತ್ತದೆ. ಗುಂಡುಗಳ ಚದುರುವಿಕೆ ಎಲ್ಲ ದಿಕ್ಕಿಗೂ ಸಮನಾಗಿದೆ ಎಂದು ಹಿಡಿದು ಸಂಭವನೀಯತೆಯ ಲೆಕ್ಕ ಹಾಕಿದರೆ, ಐದು ಗುಂಡಿನ ಗುಂಪುಗಳು ಸರಾಸರಿ 25 ಮಿಲಿಮೀಟರ್ ಬರುವ ರೈಫಲ್, ಮೂರು ಗುಂಡಿನ ಗುಂಪಿನಲ್ಲಿ ಸರಾಸರಿ 20 ಮಿಲಿಮೀಟರ್ ಮತ್ತು ಹತ್ತು ಗುಂಡಿನ ಗುಂಪಿನಲ್ಲಿ ಸರಾಸರಿ 31 ಮಿಲಿಮೀಟರ್ ಕೊಡುತ್ತದೆ. ಒಬ್ಬರು ಮೂರು ಹೊಡೆದು 20 ಎಂದು ಹೊಗಳಿದರು, ಇನ್ನೊಬ್ಬರು ಹತ್ತು ಹೊಡೆದು 31 ಎಂದು ಗೊಣಗಿದರು. ರೈಫಲ್ ಮಾತ್ರ ಒಂದೇ ಗುಣಮಟ್ಟದ್ದು. ಇದರ ಮೇಲೆ, ಹತ್ತು ಗುಂಪು ಹೊಡೆದು ಅವುಗಳಲ್ಲಿ ಅತಿ ಚಿಕ್ಕದನ್ನು ಕತ್ತರಿಸಿ ಜೋಪಾನವಾಗಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹುತೇಕರಿಗೆ ಇದೆ, ನನಗೂ ಇತ್ತು. ಆ ಚೂರು ಕಾಗದ ರೈಫಲ್ ಬಗ್ಗೆ ಹೇಳುವುದು ಬಹಳ ಕಡಿಮೆ. ಐದು ಗುಂಡಿನ ಐದು ಗುಂಪುಗಳನ್ನು ಹೊಡೆದು, ಕೆಟ್ಟದ್ದನ್ನೂ ಸೇರಿಸಿ ಸರಾಸರಿ ಹೇಳುವವರು ಸಿಕ್ಕರೆ ಅವರ ಮಾತನ್ನು ಬರೆದಿಟ್ಟುಕೊಳ್ಳಿ.

ಅಗ್ಗದ ಅರೆಸ್ವಯಂಚಾಲಿತ ರೈಫಲ್ ಸ್ಪರ್ಧೆಯ ರೈಫಲ್‌ನಷ್ಟು ಬಿಗಿಯಾದ ಗುಂಪನ್ನು ಕೊಡದಿರುವುದಕ್ಕೆ ಸಕಾರಣವಿದೆ. ಅದರ ಚೇಂಬರನ್ನು ಬೇಕೆಂದೇ ತುಸು ಸಡಿಲವಾಗಿ ಕೊರೆದಿರುತ್ತಾರೆ. ಯಾವುದೇ ತಯಾರಿಕೆಯ ಕಾಡತೂಸು, ಸ್ವಲ್ಪ ಕೊಳೆ ತುಂಬಿದ ಮೇಲೂ, ತಡೆಯಿಲ್ಲದೆ ಒಳಹೋಗಿ ಹೊರಬರಬೇಕಷ್ಟೆ. ಸ್ಪರ್ಧೆಯ ಚೇಂಬರ್ ಬಿಗಿಯಾಗಿದ್ದು ಗುಂಡಿನ ಮೂತಿಯನ್ನು ನಳಿಕೆಯೊಳಗೆ ಸುರುಳಿಯಾಗಿ ಕೊರೆದ ತಿರುವುಗಳಿಗೆ ತಾಗಿಸಿಯೇ ಹಿಡಿಯುತ್ತದೆ; ನಿಖರತೆ ಹೆಚ್ಚುತ್ತದೆ, ಆದರೆ ಸಿಡಿಯದ ಕಾಡತೂಸನ್ನು ಹೊರತೆಗೆಯುವಾಗ ಪೇಚಾಟವೂ ಹೆಚ್ಚುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಈ ಜಾಗದಲ್ಲಿ ತಯಾರಕರು ತೊಡಕಿಲ್ಲದೆ ನಡೆಯುವುದರ ಕಡೆಗೆ ವಾಲಿದ್ದಾರೆ. ಅದನ್ನು ತಪ್ಪೆಂದು ನಾನು ಹೇಳಲಾರೆ.

ರೈಫಲ್ ಹೊಣೆಯಲ್ಲದ ತಪ್ಪುಗಳೂ ಗುಂಪನ್ನು ಹಾಳುಮಾಡುತ್ತವೆ. ಒಮ್ಮೆ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹೊಸಬರೊಬ್ಬರು ನಾಲ್ಕು ಬಗೆಯ ಕಾಡತೂಸು ಹಾಕಿ ನೋಡಿ, ಎಲ್ಲವೂ 50 ಮೀಟರ್‌ನಲ್ಲಿ ಅಂಗೈ ಅಗಲಕ್ಕೆ ಚದುರಿದ್ದನ್ನು ಕಂಡು, ರೈಫಲನ್ನು ಮಾರಿಬಿಡುವುದಾಗಿ ಹೇಳುತ್ತಿದ್ದರು. ರೈಫಲ್ ಖಾಲಿಯೆಂದು ಇಬ್ಬರೂ ನೋಡಿ ಖಚಿತಪಡಿಸಿಕೊಂಡ ಮೇಲೆ ನಾನು ಸ್ಟಾಕ್ (ಭುಜಕ್ಕೆ ಆನಿಸಿ ಹಿಡಿಯುವ ಮರದ ಅಥವಾ ಪ್ಲಾಸ್ಟಿಕ್ ಭಾಗ) ಮತ್ತು ನಳಿಕೆ ಸೇರುವಲ್ಲಿ ಹೆಬ್ಬೆರಳಿಟ್ಟು ಅಮುಕಿದೆ. ಬಾಗಿಲ ಚಿಲಕ ಅಲುಗಾಡುವಂತೆ ಸಣ್ಣಗೆ ‘ಟಕ್’ ಎಂದಿತು. ಯಂತ್ರಭಾಗವನ್ನು ಸ್ಟಾಕ್‌ಗೆ ಬಿಗಿಯುವ ತಿರುಪು ಸಡಿಲವಾಗಿತ್ತು. ತಿರುಪನ್ನು ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಿದ ಮೇಲೆ ಅದೇ ಕಾಡತೂಸುಗಳಲ್ಲಿ ಎರಡು ಬಗೆಯವು ಒಂದು ನಾಣ್ಯದ ಅಗಲಕ್ಕೆ ಬಂದು ಕೂತವು. 10/22ರಂಥ ರೈಫಲ್‌ನಲ್ಲಿ ಸ್ಟಾಕ್ ಹಿಡಿದಿರುವುದು ಮುಖ್ಯವಾಗಿ ಇಂಥ ಒಂದೇ ತಿರುಪಿನಿಂದ. ನಳಿಕೆಯೂ ತಿರುಚಿ ಕೂರಿಸಿದ್ದಲ್ಲ, ಎರಡು ತಿರುಪು ಮತ್ತು ಒಂದು ಇಂಗ್ಲಿಷ್ ‘ವಿ’ ಆಕಾರದ ತುಂಡಿನಿಂದ ಎಳೆದು ಹಿಡಿದದ್ದು. ಈ ಮೂರನ್ನು ಪರೀಕ್ಷಿಸದೆ ಹೇಳಿದ ‘ನಿಖರತೆ ಇಲ್ಲ’ ಎಂಬ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ದುರ್ಬೀನು ಕೂರಿಸುವ ಪಟ್ಟಿಯ ತಿರುಪುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಟ್ರಿಗರ್, ಪ್ಲಾಸ್ಟಿಕ್, ಹಳೆಯದು, ಹೊಸದು

ಟ್ರಿಗರ್ ಬಗ್ಗೆ ಎಲ್ಲರ ದೂರೂ ಸರಿಸುಮಾರು ಒಂದೇ: ಗಟ್ಟಿ, ಒತ್ತುವಾಗ ಕೆರೆದಂತಾಗುತ್ತದೆ. ಈ ದೂರು ನಿಜ. ಅಗ್ಗದ ರೈಫಲ್‌ನಲ್ಲಿ ಟ್ರಿಗರ್ ಹಗುರವಾಗಿರಬೇಕೆಂದು ಬಯಸುವುದು ಸಲ್ಲದು. ಕೈಗಳು ಪಳಗುವವರೆಗೆ ತುಸು ಭಾರವಾದ ಟ್ರಿಗರ್ ಒಳ್ಳೆಯದೇ. ಒಳಭಾಗಗಳನ್ನು ಅರದಿಂದ ತಿಕ್ಕಿ ಹಗುರ ಮಾಡಿಕೊಳ್ಳಲು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಕಚ್ಚುವ ಅಂಚು ಸವೆದ ರೈಫಲ್ ನೆಲಕ್ಕೆ ತಗಲಿದಾಗ ತಾನಾಗಿ ಹಾರಬಹುದು. ಬೇಕೇಬೇಕೆಂದರೆ ತಯಾರಕರೇ ಕೊಡುವ ಸಿದ್ಧ ಟ್ರಿಗರ್ ಜೋಡಣೆಯನ್ನು ತಿಳಿದ ಬಂದೂಕು ಮೇಸ್ತ್ರಿಯಿಂದ ಹಾಕಿಸಿಕೊಳ್ಳುವುದು ಸರಿಯಾದ ದಾರಿ.

ಇಲ್ಲಿ ಅಭಿಪ್ರಾಯಗಳನ್ನು ಓದುವವರು ಎಚ್ಚರ ವಹಿಸಬೇಕಾದ ಮುಖ್ಯ ಸಂಗತಿಯೊಂದಿದೆ. ‘ನನ್ನ 10/22 ಅದ್ಭುತ’ ಎನ್ನುವವರ ರೈಫಲ್‌ನಲ್ಲಿ ನಳಿಕೆ, ಸ್ಟಾಕ್, ಟ್ರಿಗರ್ ಮೂರೂ ಬದಲಾಗಿದ್ದು, ಅಂಗಡಿಯಿಂದ ಬಂದ ರೈಫಲ್‌ನಲ್ಲಿ ಉಳಿದಿರುವುದು ಬೋಲ್ಟ್ ಓಡಾಡುವ ಅಲ್ಯೂಮಿನಿಯಂ ಯಂತ್ರಪೆಟ್ಟಿಗೆ ಮಾತ್ರವಾಗಿರಬಹುದು. ಈ ಮಾದರಿಗೆ ಸಿಗುವಷ್ಟು ಬಿಡಿಭಾಗ ಬೇರೆ ಯಾವುದಕ್ಕೂ ಸುಲಭಕ್ಕೆ ಸಿಗುವುದಿಲ್ಲ, ಅದರ ದೊಡ್ಡ ಗುಣವೂ ಅದೇ. ಆದರೆ ಆ ಹೊಗಳಿಕೆ ಅಗ್ಗದ ರೈಫಲ್‌ಗೆ ಸಲ್ಲುವುದಿಲ್ಲ. ಅಗ್ಗದ ರೈಫಲ್‌ನ ಮೇಲೆ ಅದರ ಎರಡು ಮೂರು ಪಟ್ಟು ಖರ್ಚು ಮಾಡಿದ ಮೇಲಿನ ಮಾತದು. ‘ಪೆಟ್ಟಿಗೆಯಿಂದ ತೆಗೆದಾಗ ಇದ್ದಂತೆಯೇ ಇದೆಯೇ?’ ಎಂದು ಕೇಳಿ.

ಅಭಿಪ್ರಾಯಕ್ಕೂ ತಾರೀಖು ಇರುತ್ತದೆ. 10/22ರ ಟ್ರಿಗರ್ ಪೆಟ್ಟಿಗೆ ಮೊದಲು ಅಲ್ಯೂಮಿನಿಯಂನದ್ದಾಗಿತ್ತು, 2000ರ ದಶಕದ ಕೊನೆಯ ಹೊತ್ತಿಗೆ ಪಾಲಿಮರ್‌ಗೆ ಬದಲಾಯಿತು. ಹಳಬರು ‘ಈಗಿನದು ಪ್ಲಾಸ್ಟಿಕ್’ ಎಂದು ಮೂಗು ಮುರಿಯುವುದು ಇದಕ್ಕೇ. ಬಳಕೆಯಲ್ಲಿ ಪಾಲಿಮರ್ ಪೆಟ್ಟಿಗೆ ಚೆನ್ನಾಗಿಯೇ ಬಾಳುತ್ತಿದೆ, ಬಣ್ಣ ಕಿತ್ತುಹೋಗುವ ತೊಂದರೆಯೂ ಇಲ್ಲ. ಕಣ್ಣಿಗೆ ಹಿತವಾಗಿಲ್ಲ ಎಂಬುದನ್ನು ಒಪ್ಪಬಹುದು. ಬೆಲೆಯ ವಿಷಯದಲ್ಲಂತೂ ತಾರೀಖು ಇನ್ನೂ ಮುಖ್ಯ. ಸೆರ್ಗೆಯ್ ಸಿಮೊನೋವ್ ವಿನ್ಯಾಸ ಮಾಡಿದ, ಸೋವಿಯತ್ ಸೇನೆ 1949ರಲ್ಲಿ ಸ್ವೀಕರಿಸಿದ ಎಸ್‌ಕೆಎಸ್ ಎಂಬ ದೊಡ್ಡ ಕಾಡತೂಸಿನ ರೈಫಲ್ ಒಂದು ಕಾಲದಲ್ಲಿ ಅಮೆರಿಕದಲ್ಲಿ ಅಗ್ಗದ ಅರೆಸ್ವಯಂಚಾಲಿತ ರೈಫಲ್‌ಗೆ ಇನ್ನೊಂದು ಹೆಸರಾಗಿತ್ತು, ಏಕೆಂದರೆ ಚೀನಾದಿಂದ ಅವು ರಾಶಿರಾಶಿಯಾಗಿ ಬರುತ್ತಿದ್ದವು. 1994ರಲ್ಲಿ ಚೀನಾದ ಬಂದೂಕುಗಳ ಆಮದಿಗೆ ಅಲ್ಲಿನ ಸರ್ಕಾರ ತಡೆ ಹಾಕಿತು. ಆಗಿನ ‘ಈ ಬೆಲೆಗೆ ಇದಕ್ಕಿಂತ ಒಳ್ಳೆಯದು ಸಿಗದು’ ಎಂಬ ಮಾತು ಆ ಬೆಲೆಗೆ ಮಾತ್ರ ನಿಜವಾಗಿತ್ತು. ಬೆಲೆ ಹೋದ ಮೇಲೂ ಮಾತು ಉಳಿದುಕೊಂಡಿದೆ.

ಶುಚಿ ಮಾಡಬೇಕೇ, ಬೇಡವೇ?

ಇದರಷ್ಟು ಬಿಸಿಯಾದ ವಾದ ಗುರಿಕಾರರಲ್ಲಿ ಇನ್ನೊಂದಿಲ್ಲ. ಒಂದು ಪಕ್ಷ ಪ್ರತಿ ಸಲವೂ ನಳಿಕೆ ಹೊಳೆಯುವವರೆಗೆ ತಿಕ್ಕಬೇಕೆನ್ನುತ್ತದೆ, ಇನ್ನೊಂದು ಪಕ್ಷ ನಳಿಕೆಯನ್ನು ಮುಟ್ಟಲೇಬಾರದೆನ್ನುತ್ತದೆ. ನನ್ನ ಪ್ರಕಾರ ಎರಡೂ ಪಕ್ಷಗಳು ತಪ್ಪು ಜಾಗವನ್ನು ನೋಡುತ್ತಿವೆ. .22 ಗುಂಡಿಗೆ ಹೊರಗೆ ಮೇಣದಂಥ ಜಿಡ್ಡು ಸವರಿರುತ್ತದೆ. ಮೊದಲ ಕೆಲವು ಗುಂಡುಗಳಲ್ಲಿ ಆ ಜಿಡ್ಡು ನಳಿಕೆಯ ಒಳಮೈಗೆ ಹತ್ತಿದ ಮೇಲೆಯೇ ಗುಂಪು ನೆಲೆಗೊಳ್ಳುವುದರಿಂದ, ಪದೇ ಪದೇ ತಿಕ್ಕುವುದು ನಿಖರತೆಗೆ ನೆರವಾಗದು. ರೈಫಲನ್ನು ನಿಲ್ಲಿಸುವ ಕೊಳೆ ಇರುವುದು ಬೋಲ್ಟ್‌ನ ಮುಖದಲ್ಲಿ. ನೂರಿನ್ನೂರು ಗುಂಡು ಹಾರಿಸಿದ ಮೇಲೆ ಬೋಲ್ಟ್ ಹೊರತೆಗೆದು ನೋಡಿ: ಕೇಸಿನ ತಳ ಕೂರುವ ತಗ್ಗಿನಲ್ಲಿ ಮಸಿ, ಮೇಣ ಮತ್ತು ಸೀಸದ ಚೂರು ಬೆರೆತು, ಒಲೆಯ ಪಕ್ಕದ ಗೋಡೆಗೆ ಹತ್ತಿದ ಜಿಡ್ಡಿನಂತಹ ಕಪ್ಪು ಪದರ ಕೂತಿರುತ್ತದೆ, ಹಿಡಿಕೊಕ್ಕೆಯ ಉಗುರಿನ ಅಡಿಯಲ್ಲಿ ಅದೇ ಒಣಗಿ ಕಲ್ಲಾಗಿರುತ್ತದೆ. ಒಂದು ಹಲ್ಲುಕಡ್ಡಿ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನು ಕೆರೆದು ತೆಗೆದರೆ ‘ಇತ್ತೀಚೆಗೆ ಕೇಸು ಹೊರಹಾಕುತ್ತಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟು ಅಲ್ಲಿಗೇ ಮುಗಿಯುತ್ತವೆ. ಆಮೇಲೆ ಎಣ್ಣೆಯ ಒಂದೆರಡು ಹನಿ ಸಾಕು. ಹೆಚ್ಚು ಹಾಕಿದರೆ ಮಸಿಗೆ ಅಂಟು ಕೊಟ್ಟ ಹಾಗಾಗುತ್ತದೆ.

ನಳಿಕೆಯನ್ನು ಅಪರೂಪಕ್ಕೆ ಶುಚಿ ಮಾಡುವಾಗಲೂ ಒಂದು ಮಾತು ನೆನಪಿರಲಿ. ಸಾಮಾನ್ಯ 10/22ರ ಯಂತ್ರಪೆಟ್ಟಿಗೆ ಹಿಂಬದಿಯಲ್ಲಿ ಮುಚ್ಚಿರುವುದರಿಂದ ಕೋಲನ್ನು ಹಿಂದಿನಿಂದ ತೂರಿಸಲಾಗದು. ಬಾಯಿಯ ಕಡೆಯಿಂದ ತೂರಿಸಿದರೆ ಗುಂಡು ಹೊರಬೀಳುವ ಅಂಚನ್ನು ಕೋಲು ಉಜ್ಜಿ ಕೆಡಿಸಬಹುದು. ಹಿಂದಿನಿಂದ ಮುಂದಕ್ಕೆ ಎಳೆಯುವ ಹಗ್ಗದ ಬಗೆಯ ಸಾಧನ ಇದಕ್ಕೆ ಸೂಕ್ತ. 2012ರಲ್ಲಿ ಬಂದ, ನಳಿಕೆಯನ್ನು ಕೈಯಲ್ಲೇ ಬಿಡಿಸಬಹುದಾದ ಆವೃತ್ತಿಯಲ್ಲಿ ಈ ತಾಪತ್ರಯವಿಲ್ಲ. ಸೀಸದ ಕೊಳೆ ಮುಟ್ಟಿದ ಕೈಗಳನ್ನು ಸೋಪು ಹಚ್ಚಿ ತೊಳೆಯದೆ ಊಟಕ್ಕೆ ಕೂರಬಾರದು.

ಹೇಳುವವರು ಯಾರು, ಎಲ್ಲಿಂದ?

ಹೊಲದಲ್ಲಿ ಮೊಲದ ಕಾಟ ತಡೆಯಲು ರೈಫಲ್ ಇಟ್ಟುಕೊಂಡ ರೈತರಿಗೆ 40 ಮೀಟರ್‌ನಲ್ಲಿ ಎರಡು ಬೆರಳಗಲದ ಗುಂಪು ಬೇಕಾದಷ್ಟಾಯಿತು. ಮಳೆ, ಧೂಳಿನಲ್ಲಿ ಕೈಕೊಡದಿರುವುದೇ ಅವರಿಗೆ ಮುಖ್ಯ. ಕಾಗದದ ಗುರಿಯನ್ನೇ ನೆಚ್ಚಿಕೊಂಡವರಿಗೆ ಅದೇ ಗುಂಪು ನಿರಾಶೆ. ಅಮೆರಿಕದಲ್ಲಿ ಗುರಿಕಾರಿಕೆಯ ಮೂಲಪಾಠ ಕಲಿಸುವ ಆಪಲ್‌ಸೀಡ್ ಶಿಬಿರಗಳಲ್ಲಿ ನಿರೀಕ್ಷಿಸುವ ಮಟ್ಟ 4 ಎಂಓಎ, ಅಂದರೆ 25 ಮೀಟರ್‌ನಲ್ಲಿ ಸುಮಾರು 29 ಮಿಲಿಮೀಟರ್, ಸುಸ್ಥಿತಿಯಲ್ಲಿರುವ ಅಗ್ಗದ.22 ರೈಫಲ್ ಆ ಮಟ್ಟವನ್ನು ಮುಟ್ಟಬಲ್ಲದು, ಮತ್ತು ಅಲ್ಲಿ ಕಲಿಯುವವರ ಕೈಯಲ್ಲಿ 10/22 ಬಹಳವಾಗಿ ಕಾಣುವುದು ಅದಕ್ಕೇ. ನಿಮ್ಮ ಉದ್ದೇಶಕ್ಕೆ ಹತ್ತಿರವಿರುವವರ ಮಾತನ್ನು ಮೊದಲು ಕೇಳಿ.

ದೇಶದ ಕಾನೂನೂ ಅಭಿಪ್ರಾಯವನ್ನು ತಿದ್ದುತ್ತದೆ. ಆಸ್ಟ್ರೇಲಿಯಾದಲ್ಲಿ 1996ರ ಬಂದೂಕು ನಿಯಂತ್ರಣ ಒಪ್ಪಂದದ ನಂತರ ಅರೆಸ್ವಯಂಚಾಲಿತ .22 ರೈಫಲ್ ಪಡೆಯುವುದು ಸಾಮಾನ್ಯ ಗುರಿಕಾರರಿಗೆ ಬಹಳ ಕಷ್ಟ. ನ್ಯೂಜಿಲೆಂಡ್ 2019ರಲ್ಲಿ ಬಹುತೇಕ ಅರೆಸ್ವಯಂಚಾಲಿತ ರೈಫಲ್‌ಗಳನ್ನು ನಿಷೇಧಿಸಿದರೂ ಹತ್ತು ಕಾಡತೂಸಿಗೆ ಮೀರದ.22ಗಳನ್ನು ಬಿಟ್ಟಿತು, ಬ್ರಿಟನ್‌ನಲ್ಲಿ 1988ರ ಬಂದೂಕು ಕಾಯ್ದೆಯ ಬಳಿಕವೂ ಇವುಗಳಿಗೆ ಪರವಾನಗಿಯ ಮೇಲೆ ಅವಕಾಶ ಉಳಿಯಿತು. ಹತ್ತರ ಮಿತಿ ಇರುವ ಕಡೆಯವರು ಚಿಕ್ಕ ಮ್ಯಾಗಜೀನನ್ನು ಹೊಗಳುವುದರಲ್ಲಿ ಆಶ್ಚರ್ಯವಿಲ್ಲ. ಕೊಳ್ಳುವವರು ಎಲ್ಲಕ್ಕಿಂತ ಮೊದಲು ತಮ್ಮ ನೆಲದ ಪರವಾನಗಿ, ಸಂಗ್ರಹ ಮತ್ತು ಸಾಗಣೆಯ ನಿಯಮಗಳನ್ನು ಅಧಿಕೃತ ಮೂಲದಿಂದಲೇ ತಿಳಿದುಕೊಳ್ಳಬೇಕು. ಈ ಒಂದು ವಿಷಯದಲ್ಲಿ ಬೇರೆ ಗುರಿಕಾರರ ಅಭಿಪ್ರಾಯ ಸಾಲದು.

ಕೊನೆಗೆ ನಿಮ್ಮದೇ ಪರೀಕ್ಷೆ

ಅನುಮತಿ ಇರುವ ಶೂಟಿಂಗ್ ರೇಂಜ್‌ನಲ್ಲಿ, ಸಾಧ್ಯವಾದರೆ ಕೊಳ್ಳುವ ಮೊದಲೇ ಎರವಲು ಅಥವಾ ಬಾಡಿಗೆ ರೈಫಲ್‌ನಿಂದ, ಇಲ್ಲವೇ ಕೊಂಡ ಮೊದಲ ದಿನಗಳಲ್ಲಿ ಪರೀಕ್ಷೆ ನಡೆಸಿ. ಕಣ್ಣು, ಕಿವಿಗಳ ರಕ್ಷಣೆ ಇರಲಿ; .22 ಚಿಕ್ಕದೆಂದು ಉದಾಸೀನ ಮಾಡಬೇಡಿ, ಅದರ ಗುಂಡು ಒಂದೂವರೆ ಕಿಲೋಮೀಟರ್‌ಗಿಂತ ಆಚೆಗೂ ಹೋಗಬಲ್ಲದು. ಬಳಸಿದ ರೈಫಲ್ ಆದರೆ ಮೊದಲು ನಳಿಕೆಯೊಳಗೆ ತಡೆ ಇಲ್ಲವೆಂದು ನೋಡಿ. 10/22ರಲ್ಲಿ ಕೊನೆಯ ಗುಂಡಿನ ನಂತರ ಬೋಲ್ಟ್ ತಾನಾಗಿ ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ; ಆದ್ದರಿಂದ ಖಾಲಿಯಾಯಿತೆಂದು ಭಾವಿಸದೆ ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಮಾಡೆಲ್ 60ರಲ್ಲಿ 1980ರ ದಶಕದ ಮಧ್ಯದಿಂದ ಬೋಲ್ಟ್ ತೆರೆದು ನಿಲ್ಲುವ ವ್ಯವಸ್ಥೆ ಬಂದಿದೆ, ಆದರೆ ಅದರ ಕೊಳವೆಯಲ್ಲಿ ಒಂದು ಕಾಡತೂಸು ಅಂಟಿಕೊಂಡು ಉಳಿದಿರುವ ಸಾಧ್ಯತೆಯನ್ನು ಮರೆಯಬಾರದು. ಈಡಿನ ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿದರೆ ಆ ಕ್ಷಣವೇ ನಿಲ್ಲಿಸಿ, ರೈಫಲ್ ಖಾಲಿ ಮಾಡಿ, ಗುಂಡು ನಳಿಕೆಯಲ್ಲೇ ನಿಂತಿದೆಯೇ ಎಂದು ಪರೀಕ್ಷಿಸದೆ ಮುಂದಿನದನ್ನು ಹೊಡೆಯಬಾರದು.

ಮೂರು ಬಗೆಯ ಕಾಡತೂಸು ತನ್ನಿ: ನಿಧಾನಗತಿಯದೊಂದು, ಒಳ್ಳೆಯ ಹೆಸರಿನ ವೇಗದ್ದೊಂದು, ಸಗಟಿನದೊಂದು. ತಿರುಪುಗಳನ್ನು ನೋಡಿಕೊಂಡು, ಬೋಲ್ಟ್ ಶುಚಿ ಮಾಡಿ, ಪ್ರತಿ ಬಗೆಗೆ ಬದಲಾಯಿಸಿದಾಗ ಮೊದಲ ಹತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟು, ಮರಳು ಚೀಲದ ಆಸರೆಯಲ್ಲಿ 50 ಮೀಟರ್‌ಗೆ ಐದು ಗುಂಡಿನ ಐದು ಗುಂಪು ಹೊಡೆಯಿರಿ. ಒಂದು ಪುಸ್ತಕದಲ್ಲಿ ಕಾಡತೂಸಿನ ಬಗೆ, ಮ್ಯಾಗಜೀನ್‌ನ ಗುರುತು, ಪ್ರತಿ ತೊಡಕಿನ ವಿವರ ಬರೆಯಿರಿ; ಮ್ಯಾಗಜೀನ್‌ಗಳ ಮೇಲೆ 1, 2 ಎಂದು ಪೆನ್ನಿನಿಂದ ಗುರುತು ಹಾಕಿದ್ದರೆ ತಪ್ಪು ಯಾವುದರದ್ದೆಂದು ಸಂಜೆಯೊಳಗೆ ತಿಳಿಯುತ್ತದೆ.

ಎಷ್ಟು ಗುಂಡು ಹೊಡೆದರೆ ನಂಬಬಹುದು? ತೊಡಕಿಲ್ಲದೆ ಹಾರಿದ ಗುಂಡುಗಳ ಎಣಿಕೆಯಿಂದ 3ನ್ನು ಭಾಗಿಸಿದರೆ ಸಿಗುವುದು, ತೊಡಕಿನ ಪ್ರಮಾಣಕ್ಕೆ ನೂರಕ್ಕೆ 95ರಷ್ಟು ಭರವಸೆಯೊಂದಿಗೆ ಹೇಳಬಹುದಾದ ಮೇಲ್ಮಿತಿ. ಇದು ಸಂಖ್ಯಾಶಾಸ್ತ್ರದವರ ಹಳೆಯ ಸೂತ್ರ. 100 ಗುಂಡು ತೊಡಕಿಲ್ಲದೆ ಹಾರಿದರೂ ನಿಜವಾದ ತೊಡಕಿನ ಪ್ರಮಾಣ ನೂರಕ್ಕೆ 3ರವರೆಗೆ ಇರಬಹುದು, 300 ಹಾರಿದರೆ ನೂರಕ್ಕೆ 1ರವರೆಗೆ. ‘ಒಂದು ಡಬ್ಬಿ ಹೊಡೆದೆ, ಬೆಣ್ಣೆಯಂತೆ ನಡೆಯಿತು’ ಎಂದವರ ಮಾತು 50 ಗುಂಡಿನ ಮೇಲೆ ನಿಂತಿದ್ದರೆ ಅದು ನೂರಕ್ಕೆ 6ರ ತೊಡಕನ್ನೂ ಅಲ್ಲಗಳೆಯಲಾರದು. ಹಾಗೆಯೇ ಮೊದಲ ಐವತ್ತರಲ್ಲಿ ಎರಡು ಸಿಕ್ಕಿಹಾಕಿಕೊಂಡಿತೆಂದು ಹೊಸ ರೈಫಲನ್ನು ತಳ್ಳಿಹಾಕಬಾರದು. ಹೊಸ ಸ್ಪ್ರಿಂಗ್, ಹೊಸ ಮೈಗಳು ಒಂದಕ್ಕೊಂದು ಒಗ್ಗಿಕೊಳ್ಳಲು ಇನ್ನೂರು ಮುನ್ನೂರು ಗುಂಡು ಬೇಕಾಗಬಹುದು. ಅಷ್ಟಾದ ಮೇಲೂ ಶುಚಿಯಾದ ಬೋಲ್ಟ್, ಒಳ್ಳೆಯ ವೇಗದ ಕಾಡತೂಸು, ಎರಡು ಬೇರೆ ಮ್ಯಾಗಜೀನ್‌ಗಳ ಜತೆಗೆ ಅದೇ ಬಗೆಯ ತೊಡಕು ಮರುಕಳಿಸುತ್ತಿದ್ದರೆ, ಬರೆದಿಟ್ಟ ಪುಸ್ತಕವನ್ನೂ ಸಿಡಿಯದ ಕಾಡತೂಸುಗಳ ಗುರುತು ಕಾಣುವ ಚಿತ್ರಗಳನ್ನೂ ಜತೆಗಿಟ್ಟು ರೈಫಲನ್ನು ತಯಾರಕರಿಗೆ ಹಿಂದಿರುಗಿಸಿ. ‘ಜ್ಯಾಮ್ ಆಗುತ್ತದೆ’ ಎಂಬ ಒಂದು ಸಾಲಿನ ಪತ್ರಕ್ಕೆ ಸಿಗದ ಗಮನ ಅಂಥ ಪುಸ್ತಕಕ್ಕೆ ಸಿಗುತ್ತದೆ.